ಚೌಳಿನಲ್ಲಿ ನಾಲ್ಕು ಮೊಟ್ಟೆ

ಕಾಡಪ್ಪ ಗುದ್ದಲಿ ಎತ್ತುವಷ್ಟರಲ್ಲಿ ಮಹಾದೇವಿ ಓಡಿಬಂದು ಅದರ ಕಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬೇಡ ಕಾಡಪ್ಪಣ್ಣ. ಇಲ್ಲಿ ಬೇಡ."

ಕಾಡಪ್ಪ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಬೆಳಗಿನ ಎಂಟು ಗಂಟೆಗೆ ಸ್ಮಶಾನದಲ್ಲಿ, ಜೊಂಡಿನ ಮರೆಯಿಂದ ಕೂದಲು ಕೆದರಿದ ಹೆಣ್ಣೊಂದು ಎದ್ದು ಬಂದು ಗುದ್ದಲಿಗೆ ಕೈ ಹಾಕಿದರೆ ಯಾರಿಗಾದರೂ ಎದೆ ಝಲ್ಲೆನ್ನದೆ ಇರುತ್ತದೆಯೇ? ಇಪ್ಪತ್ತೆರಡು ವರ್ಷದಿಂದ ಊರಿನವರಿಗೆಲ್ಲ ಗುಂಡಿ ತೋಡಿದವನಿಗೂ ಅಷ್ಟೇ.

"ಥೂ! ಬಸಕ್ಕನ ಮಗಳಲ್ವಾ ನೀನು? ಜೀವ ಬಾಯಿಗೆ ಬಂದಿತ್ತಲ್ಲೇ. ಇಲ್ಲಿ ಬೇಡ ಅಂದ್ರೆ ಇನ್ನೆಲ್ಲಿ ತೋಡ್ಲಿ, ನಿಮ್ಮನೆ ಅಂಗಳದಾಗಾ? ಗೋಪಾಲಪ್ಪನೋರು ತೀರೋಗವ್ರೆ, ಗೊತ್ತಿಲ್ವಾ?"

"ಗೊತ್ತು. ಅದಕ್ಕೇ ಬಂದಿದ್ದು."

"ಮತ್ತೆ? ವಸಂತಮ್ಮನ ಬಲಗಡೆ ತೋಡು ಅಂದವ್ರೆ ಮಗ. ಗಂಡ ಹೆಂಡ್ತಿ ಒಟ್ಟಿಗಿರ್ಲಿ ಅಂತ. ಹನ್ನೊಂದಕ್ಕೆ ಎತ್ತುತಾರೆ."

"ನಿಮ್ಮ ಕಾಲ ಮುಂದೆ ನೋಡಿ."

ಕಾಡಪ್ಪ ನೋಡಿದ. ಕೆರೆ ಹಿಂದೆ ಸರಿದಲ್ಲೆಲ್ಲ ಬೇಸಿಗೆಗೆ ಮಣ್ಣಿನೊಳಗಿನ ಉಪ್ಪು ಮೇಲೆ ಬಂದು ಬೆಳ್ಳಗೆ ಹೆಪ್ಪುಗಟ್ಟುವ ಚೌಳು ನೆಲ ಅದು. ಒಂದಷ್ಟು ಗೊರಚು ಕಲ್ಲು, ಆಡಿನ ಹಿಕ್ಕೆ, ವಸಂತಮ್ಮನ ಗೋರಿಯ ಸುಣ್ಣದ ಕಟ್ಟೆ. "ಏನೈತೆ ಇಲ್ಲಿ?"

ಅವಳು ಬೆರಳು ತೋರಿಸಲಿಲ್ಲ. ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವನನ್ನೂ ಕೈಹಿಡಿದು ಕೂರಿಸಿದಳು. ಆಗ ಕಲ್ಲುಗಳ ನಡುವಿನ ನಾಲ್ಕು ಕಲ್ಲುಗಳು ಕಲ್ಲಲ್ಲ ಎಂದು ಅವನಿಗೆ ತಿಳಿಯಿತು. ಮಣ್ಣು ಬಣ್ಣದ, ಮಸಿ ಚಿಮುಕಿಸಿದಂತಿದ್ದ ನಾಲ್ಕು ಮೊಟ್ಟೆ, ಚೂಪು ತುದಿಗಳನ್ನು ಒಳಮುಖ ಮಾಡಿ, ಗುಟ್ಟು ಮಾತಾಡುವ ಹುಡುಗಿಯರ ಹಾಗೆ ತಲೆಗೆ ತಲೆ ತಾಗಿಸಿಕೊಂಡು ಕೂತಿದ್ದವು. ತಲೆಯ ಮೇಲೆ ಟಿಟ್ಟಿಭ ಹಕ್ಕಿಗಳೆರಡು ಸುತ್ತುತ್ತ ಊರೇ ಕೊಳ್ಳೆಹೋದಂತೆ ಅರಚುತ್ತಿದ್ದವು.

"ಅಯ್ಯೋ ಶಿವನೇ. ಇನ್ನೊಂದು ಹೆಜ್ಜೆ ಇಟ್ಟಿದ್ರೆ ಅಪ್ಪಚ್ಚಿ."

"ಸ್ವಲ್ಪ ಆ ಕಡೆ ತೋಡಿ ಕಾಡಪ್ಪಣ್ಣ, ನಿಮ್ಮ ಕಾಲಿಗೆ ಬೀಳ್ತೀನಿ."

ಕಾಡಪ್ಪ ಎದ್ದು ದೂರ ಹೋಗಿ ಬೀಡಿ ಹಚ್ಚಿದ. "ನೋಡು ತಾಯಿ. ಗುದ್ದಲಿ ಒಂದ್ಸಾರಿ ಊರಿದ್ರೆ ಮುಗೀತು. ತೋಡಿದ ಗುಂಡಿ ಖಾಲಿ ಬಿಡಂಗಿಲ್ಲ, ಮನೇಲಿ ಇನ್ನೊಬ್ಬರನ್ನ ಕರೀತದೆ. ಊರೋಕೆ ಮುಂಚೆ ತಡೆದೆ, ಒಳ್ಳೇದಾಯ್ತು. ಆದ್ರೆ ಜಾಗ ಬದಲಾಯಿಸೋಕೆ ನಾನ್ಯಾರು, ನೀನ್ಯಾರು? ಮಗ ಮುನೀಂದ್ರಪ್ಪ ಬಾಯ್ಬಿಟ್ಟು ಹೇಳ್ಬೇಕು. ಒಂಬತ್ತರವರೆಗೆ ಕಾಯ್ತೀನಿ. ಅದರ ಮೇಲೆ ಆಗಲ್ಲ, ಈ ಚೌಳು ಕಲ್ಲಿಗಿಂತ ಗಟ್ಟಿ."

ಮುನೀಂದ್ರನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಸಾವಿನ ಮನೆಯಲ್ಲಿ ಫೋನು ಯಾರಿಗೆ ಕೇಳಿಸುತ್ತದೆ? ಮಹಾದೇವಿ ಏರಿಯ ಕಡೆ ನಡೆದಳು. ಆ ಮನೆಯ ಮುಂದೆ ನಿಲ್ಲುವ ಧೈರ್ಯವಿಲ್ಲದೆಯೇ ಅವಳು ಮೆಟ್ರೋ ಇಳಿದವಳು ಮೊದಲು ಕೆರೆಗೆ ಬಂದದ್ದು. ಈಗ ಅಲ್ಲಿಗೇ ಹೋಗಬೇಕಾಗಿತ್ತು.

\* \* \*

ಟಿ. ದಾಸರಹಳ್ಳಿಯಿಂದ ಮೊದಲ ಮೆಟ್ರೋ ಹಿಡಿದು, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಮೂರು ವರ್ಷದಿಂದ ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಅವಳಿಗೆ ಕಂಡ ಹಕ್ಕಿಯೆಂದರೆ ಶೀಟಿನ ಮೇಲಿನ ಪಾರಿವಾಳ ಮಾತ್ರ. ಅದನ್ನೂ ತಲೆ ಎತ್ತಿ ನೋಡಿರಲಿಲ್ಲ.

ಏರಿ ಹತ್ತಿದ ಕೂಡಲೇ ಆ ಕೂಗು ಕೇಳಿಸಿತು. ಕಾಲು ತಾನಾಗಿ ನಿಂತಿತು. ಇದು ಮೇವಿನ ಕೂಗಲ್ಲ, ಜಗಳದ ಕೂಗಲ್ಲ, ಮೊಟ್ಟೆಯ ಕೂಗು. ಕಲಿತದ್ದು ಎಲ್ಲಿ ಹೋಗಿತ್ತು, ಎಲ್ಲಿಂದ ಬಂತು? ಅವಳು ಜೊಂಡಿನ ಪಕ್ಕ ಕೂತುಬಿಟ್ಟಳು. ಮೊಣಕಾಲಿಗೆ ಗಲ್ಲ ಊರಿ, ಎಷ್ಟೋ ಹೊತ್ತು. ಸೊಳ್ಳೆ ಕಚ್ಚಿದರೂ ಕೈ ಎತ್ತಲಿಲ್ಲ. ನೀರಿನಲ್ಲಿ ಮೆಟ್ಟುಗಾಲು ಹಕ್ಕಿಗಳು ಕೆಂಪು ಕೋಲಿನಂಥ ಕಾಲುಗಳನ್ನು ಎತ್ತಿಡುತ್ತಿದ್ದವು. ಆಚೆ ದಡದ ಕಂಪನಿಯ ಗಾಜಿನ ಗೋಡೆಯಲ್ಲಿ ಇನ್ನೊಂದು ಕೆರೆ, ಇನ್ನಷ್ಟು ಹಕ್ಕಿ. ಕಡೆಗೆ ಟಿಟ್ಟಿಭ ಅವಳನ್ನು ಮರೆಯಿತು. ಅತ್ತ ಓಡಿ, ಇತ್ತ ಓಡಿ, ಸುಳ್ಳು ಜಾಗಗಳಲ್ಲಿ ಕೂತಂತೆ ಮಾಡಿ, ಆಮೇಲೆ ಗೋರಿಯ ಬಲಕ್ಕೆ ಬಂದು, ಎದೆ ಉಬ್ಬಿಸಿ, ನಿಜವಾಗಿ ಕೂತಿತು.

ಗೋಪಾಲಪ್ಪ ತಾತನಿಗೆ ಹೇಳಬೇಕು ಎಂದುಕೊಂಡಳು. ಆಮೇಲೆ ನೆನಪಾಯಿತು.

\* \* \*

ಅವಳಿಗೆ ಹತ್ತು ವರ್ಷ ಆಗ. ಕೂಡ್ಲಿಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಅವಳ ಅಪ್ಪ ಕೊಟ್ರಪ್ಪ, ಅವ್ವ ಬಸಕ್ಕ ಕೆರೆಯ ಪಕ್ಕ ಗೋಪಾಲಪ್ಪನ ಶೀಟಿನ ಶೆಡ್ಡಿನಲ್ಲಿ ಬಾಡಿಗೆಗಿದ್ದರು. ಗೋಪಾಲಪ್ಪ ಹಾಲಿನ ಕ್ಯಾನು ಪಕ್ಕಕ್ಕಿಟ್ಟುಕೊಂಡು ಏರಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದದ್ದನ್ನು ಕಂಡು, ಪಾಪ, ಮುದುಕನಿಗೆ ಮನೆಯಲ್ಲಿ ಊಟ ಹಾಕುವುದಿಲ್ಲವೇನೋ ಎಂದುಕೊಂಡಿದ್ದಳು ಮಹಾದೇವಿ.

"ತಾತ, ಆ ಟಿಟವಿ ಹಕ್ಕಿ ರಾತ್ರಿ ಅಂಗಾತ ಮಲಗತೈತಂತ, ಕಾಲು ಮ್ಯಾಲೆ ಮಾಡಿ. ಆಕಾಶ ಬಿದ್ರ ಹಿಡಿಯಾಕ. ನಮ್ಮಜ್ಜಿ ಹೇಳ್ಯಾಳ."

ಮುದುಕ ನಗಲಿಲ್ಲ. ಗಂಭೀರವಾಗಿ ಯೋಚಿಸಿದ. "ನಾನು ಇಷ್ಟು ವರ್ಷ ನೋಡಿದೀನಿ, ಅದು ಮಲಗಿದ್ದನ್ನೇ ಕಂಡಿಲ್ಲ ಕಣಮ್ಮ. ನಿಮ್ಮಜ್ಜಿ ನನಗಿಂತ ಚೆನ್ನಾಗಿ ನೋಡವ್ರೆ." ಆಮೇಲೆ ಕೈಯಿಂದ ನೆಲ ಸವರಿ ಜಾಗ ಮಾಡಿಕೊಟ್ಟ.

ಅವನ ಕತೆ ಅವಳ ಅಜ್ಜಿಯ ಕತೆಗಳಿಗಿಂತ ಕಮ್ಮಿ ಏನಿರಲಿಲ್ಲ. ಹುಡುಗನಾಗಿದ್ದಾಗ ಅವನ ಕೆಲಸವೇ ರಾಗಿ ಹೊಲದ ಅಟ್ಟಣೆ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸುವುದು. ಗುರಿ ಎಂದರೆ ಗುರಿ. ಆ ಹೊಲದ ಮೇಲೆ ಈಗ ಹದಿನಾಲ್ಕು ಅಂತಸ್ತು ಎದ್ದಿತ್ತು. "ಬಾಳೆಲ್ಲಾ ಓಡಿಸಿದೆ. ಈಗ ಹೊಲಾನೇ ಇಲ್ಲ, ಓಡಿಸಿ ಏನ್ ಮಾಡ್ಲಿ? ಅದಕ್ಕೆ, ಬರ್ರಪ್ಪಾ ಕೂತ್ಕಳ್ಳಿ ಅಂತ ನೋಡ್ತೀನಿ."

ಅವನ ಹತ್ತಿರ ದುರ್ಬೀನು ಇರಲಿಲ್ಲ, ಪುಸ್ತಕ ಇರಲಿಲ್ಲ. ಎರಡು ಮಾತು ಇದ್ದವು. ಒಂದು: "ನೀನು ಹಕ್ಕೀನ ನೋಡೋದು ಆಮೇಲೆ. ಮೊದಲು ಅದು ನಿನ್ನ ನೋಡಿ ಮರೀಲಿ." ಇನ್ನೊಂದು: "ಗೂಡು ಕಂಡ್ರೆ ಕಣ್ಣಲ್ಲೇ ಇಟ್ಕೋ. ಬಾಯಿಗೆ ಬಿಡಬೇಡ."

\* \* \*

ಮನೆಯ ಮುಂದೆ ಶಾಮಿಯಾನ ಎದ್ದಿತ್ತು. ತಮಟೆಯವರು ಹುಲ್ಲು ಹಚ್ಚಿ ತಮಟೆ ಕಾಯಿಸುತ್ತಿದ್ದರು. ಪಟಾಕಿಯ ಎರಡು ಪೆಟ್ಟಿಗೆ ಗೇಟಿನ ಪಕ್ಕ. ಗಾಜಿನ ಐಸ್ ಪೆಟ್ಟಿಗೆಯೊಳಗೆ ಗೋಪಾಲಪ್ಪ, ಹಣೆಗೆ ನಾಮ ಹಾಕಿಸಿಕೊಂಡು, ಯಾರೋ ಬಲವಂತವಾಗಿ ಹೊಸ ಅಂಗಿ ತೊಡಿಸಿದಂತೆ ಮುಖ ಮಾಡಿಕೊಂಡು ಮಲಗಿದ್ದ. ಹಿಂದಿನ ಸಂಜೆ ಹಾಲು ಕಾಯಿಸಿ, ಲೋಟ ಕೈಯಲ್ಲಿ ಹಿಡಿದು ಕೂತವನು ಏಳಲಿಲ್ಲವಂತೆ.

ಕುರ್ಚಿಗಳಲ್ಲಿ ಮಾತು ನಡೆದಿತ್ತು.

"ಲಾಕ್‌ಡೌನಲ್ಲಿ ಹಸೂನ ಹಟ್ಟಿ ಒಳಗೇ ಕಟ್ಟಿ, ಬಾಡಿಗೆಯೋರ ಮಕ್ಕಳಿಗೆಲ್ಲ ಒಂದೊಂದು ಲೋಟ ಹಾಲು. ಒಂದಿನ ತಪ್ಪಿಸ್ಲಿಲ್ಲ ಕಣ್ರೀ."

"ಟೀ ಅಂಗಡೀಲಿ ನಿಂತು ಕೆರೆ ಹಕ್ಕಿ ಲೆಕ್ಕ ಒಪ್ಪಿಸೋರು ಗುರು. ಇವತ್ತು ನಾಮಗೋಳಿ ನಲವತ್ತೊಂದು, ನಿನ್ನೆಗಿಂತ ಎರಡು ಕಮ್ಮಿ. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ನಾಯಿ ಬೆಳಗ್ಗೆ ಎಲ್ಲಿತ್ತಪ್ಪಾ ಅನ್ನೋದು!"

"ನಿಜವಾಗ್ಲೂ ಎಲ್ಲಿತ್ತು?"

"ಕೆರೇಲೇ ಇತ್ತು ಬಿಡು."

ಬಸಕ್ಕ ಮಗಳನ್ನು ಕಂಡವಳೇ ಸೆರಗು ಬಾಯಿಗೊತ್ತಿಕೊಂಡು ಬಂದಳು. "ಈಗ ಬಂದ್ಯೇನ ನಮ್ಮವ್ವ? ಇದ್ದಾಗ ಬರಲಿಲ್ಲ. ನಿನ್ನ ದಾರಿ ನೋಡಿ ನೋಡಿ ಹೋತು ಹಿರೇ ಜೀವ."

"ಯವ್ವಾ, ಆಮ್ಯಾಲೆ ಬೈ. ಮುನೀಂದ್ರಣ್ಣ ಎಲ್ಲದಾನ?"

ಮುನೀಂದ್ರ ಪೆಟ್ಟಿಗೆಯ ತಲೆಕಡೆ, ಸೋದರತ್ತೆ ಗೌರಮ್ಮನ ಪಕ್ಕ ನಿಂತಿದ್ದ. ಎಂಬತ್ತೆರಡರ ಗೌರಮ್ಮ ತಮ್ಮನ ಸಾವಿಗೆ ಅತ್ತು ಮುಗಿಸಿ, ಈಗ ಹೂವಿನವನು ಸೇವಂತಿಗೆ ಕಮ್ಮಿ ತಂದದ್ದಕ್ಕೆ ಬಯ್ಯುತ್ತಿದ್ದಳು. ಸುತ್ತ ನೂರು ಜನ. ನೂರು ಜನರ ಕೈಯಲ್ಲಿ ಫೋನು. ಜಾಗ ಹೇಳಿದರೆ ಮಧ್ಯಾಹ್ನದೊಳಗೆ ಎಲ್ಲರ ಫೋನಿನಲ್ಲೂ ಇರುತ್ತದೆ. ಹೇಳದಿದ್ದರೆ ಒಂಬತ್ತು ಗಂಟೆಗೆ ಗುದ್ದಲಿ ಊರುತ್ತದೆ. ಮಹಾದೇವಿ ಜನರ ನಡುವೆ ದಾರಿ ಮಾಡಿಕೊಂಡು ಮುನೀಂದ್ರನ ಹತ್ತಿರ ಹೋದಳು.

"ಅಣ್ಣ, ಒಂದು ಮಾತು. ಈ ಕಡೆ ಬನ್ನಿ."

"ಈಗ ಏನಮ್ಮ? ಕಾಣಲ್ವಾ?"

"ಗುಂಡಿ ಜಾಗದ ವಿಷ್ಯ."

ಅವಳು ಗೋಡೆಯ ಮೂಲೆಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದಳು. ಮುನೀಂದ್ರನ ಕೆಂಪೇರಿದ ಕಣ್ಣು ಇನ್ನಷ್ಟು ಕೆಂಪಾಯಿತು.

"ಏನು ತಮಾಷೆನಾ? ಹಕ್ಕಿ ಮೊಟ್ಟೆಗೋಸ್ಕರ ನಮ್ಮಪ್ಪನ್ನ ಎಲ್ಲೋ ಮೂಲೇಲಿ ಹಾಕ್ಲಾ? ಹದಿನೈದು ದಿನದಿಂದ ದಿನಾ ಮಧ್ಯಾಹ್ನ ಅಮ್ಮನ ಗೋರಿ ಹತ್ರ ಹೋಗಿ ಕೂತ್ಕೊಳ್ಳೋರು. ಬುತ್ತಿ ಕಟ್ಟಿಸ್ಕೊಂಡು, ಛತ್ರಿ ಹಿಡ್ಕೊಂಡು. ಬಾಯಿಬಿಟ್ಟು ಹೇಳ್ಲಿಲ್ಲ ಅಷ್ಟೇ. ಕಡೆಗಾಲಕ್ಕೆ ಅಮ್ಮ ಬೇಕು ಅನ್ನಿಸಿತ್ತು ಅವರಿಗೆ. ಅಷ್ಟೂ ಅರ್ಥ ಮಾಡ್ಕೊಳ್ಳದ ಮಗ ಅಲ್ಲ ನಾನು."

ಮಹಾದೇವಿಗೆ ಥಟ್ಟನೆ ಹೊಳೆಯಿತು. ಮಧ್ಯಾಹ್ನ. ಛತ್ರಿ. ಬಿಸಿಲು ಏರಿದಾಗಲೇ.

"ಅಣ್ಣ, ಒಂದೇ ಸಲ ಬಂದು ನೋಡಿ. ಆಮೇಲೂ ಅಲ್ಲೇ ಅಂದ್ರೆ ನಾನೇ ಕಾಡಪ್ಪಣ್ಣಂಗೆ ಹೇಳ್ತೀನಿ."

ಗೌರಮ್ಮನ ಕಿವಿ ಮಾತ್ರ ಎಂಬತ್ತೆರಡರದ್ದಾಗಿರಲಿಲ್ಲ. "ಏನಂತೆ? ಸತ್ತೋನ್ನ ಮಣ್ಣು ಮಾಡೋಕೂ ಹಕ್ಕೀದು ಪರ್ಮಿಷನ್ ಬೇಕಂತಾ?" ಎಂದಳು. ಆಮೇಲೆ ಪೆಟ್ಟಿಗೆಯ ಗಾಜಿನ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ, "ಓಗಿ ಬಾ ಮುನೀಂದ್ರ. ಇವನು ಕರೆದಾಗ ಒಂದಿನಾನೂ ಓಗ್ಲಿಲ್ಲ ನೀನು" ಎಂದಳು.

\* \* \*

ಮೂರು ವರ್ಷದ ಹಿಂದೆ ಮಹಾದೇವಿ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಬಿಲ್ ಹಾಕುತ್ತಿದ್ದಳು. ಹರ್ಷವರ್ಧನ್ ಎಂಬ ದೊಡ್ಡ ಕ್ಯಾಮೆರಾದ ಮ್ಯಾನೇಜರು ಅವಳು ಕಿಟಕಿಯಾಚೆ ನೋಡುವುದನ್ನು ಕಂಡು, ಅದ್ಯಾವ ಹಕ್ಕಿ, ಇದ್ಯಾವ ಹಕ್ಕಿ ಎಂದು ಕೇಳತೊಡಗಿದ. ಅವಳು ಹೇಳಿದ್ದಕ್ಕೆಲ್ಲ ಕಣ್ಣರಳಿಸಿದ. "ನೀವು ನಿಜವಾಗ್ಲೂ ಎಕ್ಸ್‌ಪರ್ಟ್ ಮೇಡಂ" ಎಂದ. ಆ ಕಟ್ಟಡದಲ್ಲಿ ಯಾರೂ ಅವಳನ್ನು ಮೇಡಂ ಎಂದಿರಲಿಲ್ಲ. ಟಿಟ್ಟಿಭದ ಗೂಡು ಎಲ್ಲಿದೆ ಎಂದು ಹೇಳಿಬಿಟ್ಟಳು.

ಭಾನುವಾರ ಹದಿನಾಲ್ಕು ಜನ ಬಂದರು. ಕೆಟ್ಟವರಲ್ಲ. ಗಲಾಟೆ ಮಾಡಲಿಲ್ಲ. ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಸುತ್ತ ಉಂಗುರ ಕಟ್ಟಿ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಕಾದರು. ಹಕ್ಕಿ ಕೂಗುತ್ತ ಮೇಲೆ ಸುತ್ತಿತೇ ಹೊರತು ಇಳಿಯಲಿಲ್ಲ. ಏಪ್ರಿಲ್ಲಿನ ಬಿಸಿಲು ಚೌಳಿನ ಮೇಲೆ ಹೆಂಚು ಕಾದಂತೆ ಕಾಯಿತು.

ಸಂಜೆ ಗೋಪಾಲಪ್ಪ ಮೊಟ್ಟೆಗಳನ್ನು ಕೈಗೆತ್ತಿಕೊಂಡು, ಕಿವಿಯ ಹತ್ತಿರ ಹಿಡಿದ. ಒಂದೊಂದನ್ನೂ. ಆಮೇಲೆ ಕಡ್ಡಿಯಲ್ಲಿ ಚಿಕ್ಕ ಗುಂಡಿ ತೋಡಿ ಹೂತ. "ಬಿಸಿ ಜಾಸ್ತಿ ಆಗೋಯ್ತು ಕಣಮ್ಮ" ಎಂದನಷ್ಟೇ. ಯಾರು ಹೇಳಿದರು ಎಂದು ಕೇಳಲಿಲ್ಲ. ಕೇಳಿದ್ದರೆ ಅತ್ತು ಹಗುರಾಗುತ್ತಿದ್ದಳೇನೋ. ಮರುದಿನದಿಂದ ಅವಳು ಕೆರೆಯ ಕಡೆ ಹೋಗಲಿಲ್ಲ. ತಿಂಗಳೊಳಗೆ ಪೀಣ್ಯದಲ್ಲಿ ಕೆಲಸ ಹುಡುಕಿಕೊಂಡಳು, ಊರಿನ ಆ ತುದಿಗೆ.

\* \* \*

ಮುನೀಂದ್ರನಿಗೆ ನೆಲದ ಮೇಲೆ ಕೂರಲು ಬರುತ್ತಿರಲಿಲ್ಲ. ಬಿಳಿ ಪಂಚೆ ಎತ್ತಿ ಕಟ್ಟಿ, ಹೊಂಗೆಮರದ ಬುಡದಲ್ಲಿ ಒಂದು ಕಾಲು ಚಾಚಿ ಒಂದು ಕಾಲು ಮಡಿಸಿ ಕೂತ. ಅಲ್ಲಿಂದ ವಸಂತಮ್ಮನ ಗೋರಿ ಮೂವತ್ತು ಮಾರು.

"ಎಲ್ಲಿ?"

"ಶ್. ಕಾಯಬೇಕು."

"ಎಷ್ಟೊತ್ತು?"

"ಅದು ನಮ್ಮನ್ನ ಮರೆಯೋವರೆಗೆ."

ಐದು ನಿಮಿಷಕ್ಕೆ ಅವನು ಕಾಲು ಬದಲಾಯಿಸಿದ. ಕೈ ಊರಲು ಹೋದಾಗ ಏನೋ ಒತ್ತಿತು. ಬೇರಿನ ಸಂದಿನಲ್ಲಿ ಸಣ್ಣ ಸಣ್ಣ ದುಂಡು ಕಲ್ಲುಗಳ ರಾಶಿ, ಒಂದೇ ಅಳತೆಯವು, ಆರಿಸಿ ತಂದವು. ಪಕ್ಕದಲ್ಲಿ ಮನುಷ್ಯ ಕೂತು ಕೂತು ಹುಲ್ಲು ನಯವಾದ ಜಾಗ. ಅವನು ಒಂದು ಕಲ್ಲು ಎತ್ತಿಕೊಂಡು ತಿರುಗಿಸಿ ನೋಡಿದ.

"ಇದೇನು?"

"ಕವಣೆ ಕಲ್ಲು. ನಾಯಿ ಓಡಿಸೋಕೆ ಇರ್ಬೇಕು."

ಮುನೀಂದ್ರ ಕಲ್ಲನ್ನು ನೋಡಿದ, ಗೋರಿಯನ್ನು ನೋಡಿದ. ಅಪ್ಪ ಕೂತಿದ್ದ ಜಾಗ ಗೋರಿಯ ಹತ್ತಿರ ಅಲ್ಲ, ಇಲ್ಲಿ.

"ಹಂಗಾದ್ರೆ ಅಮ್ಮನ್ನ ನೋಡೋಕಲ್ಲ ಬರ್ತಿದ್ದಿದ್ದು."

"ಇಬ್ಬರನ್ನೂ ನೋಡ್ತಿದ್ರು ಅಣ್ಣ. ಇಲ್ಲಿ ಕೂತ್ರೆ ಇಬ್ಬರೂ ಕಾಣ್ತಾರೆ."

ಆಗಲೇ ಹಕ್ಕಿ ಇಳಿಯಿತು. ಮೊದಲು ನೀರಿನ ಅಂಚಿಗೆ ಓಡಿತು. ಅಲ್ಲಿ ಕಾಲು ಮಡಿಸಿ, ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ಅದ್ದಿ ಅದ್ದಿ ನೆನೆಸಿಕೊಂಡು, ತೊಟ್ಟಿಕ್ಕುವ ಮೈಯಲ್ಲೇ ಚೌಳಿನ ಮೇಲೆ ಓಡೋಡಿ ಬಂದು ಮೊಟ್ಟೆಗಳ ಮೇಲೆ ಕೂತಿತು.

"ಏನದು? ಸ್ನಾನ ಮಾಡ್ತಾ?"

"ಬಿಸಿಲಿಗೆ ಮೊಟ್ಟೆ ಬೇಯದಿರ್ಲಿ ಅಂತ ತಂಪು ತರೋದು. ದಿನಕ್ಕೆ ಎಷ್ಟು ಸಲಾನೋ. ತಾತ ತೋರಿಸಿದ್ದು."

ಮುನೀಂದ್ರ ಕೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟ. ಹಕ್ಕಿ ಇನ್ನೊಂದು ಸಲ ಹೋಗಿ ಬರುವವರೆಗೂ ನೋಡಿದ. ಮಹಾದೇವಿ ನೆಲ ನೋಡುತ್ತ ಹೇಳಿದಳು: "ಅವತ್ತು ಕ್ಯಾಮೆರಾದೋರಿಗೆ ಜಾಗ ಹೇಳಿದ್ದು ನಾನೇ ಅಣ್ಣ. ತಾತಂಗೆ ಹೇಳೋಕಾಗ್ಲಿಲ್ಲ."

"ಅಪ್ಪಂಗೆ ಗೊತ್ತಿತ್ತು."

ಅವಳು ತಲೆ ಎತ್ತಿದಳು.

"ದಾರಿ ಕೇಳ್ಕೊಂಡು ನಮ್ಮನೆಗೇ ಬಂದಿದ್ರಲ್ಲ ಅವರು, ಮಹಾದೇವಿ ಮೇಡಂ ಹೇಳಿದ್ರು ಅಂತ. ಸಂಜೆ ಅಪ್ಪ ಮನೆಗೆ ಬಂದಾಗ ನಾನು ಬೈದೆ, ಬಾಡಿಗೆಯೋರಿಗೆ ಸಲಿಗೆ ಕೊಟ್ರೆ ಹಿಂಗೇ ಅಂತ. ಅಪ್ಪ ಏನಂದ್ರು ಗೊತ್ತಾ? ಹೇಳ್ಕೊಳ್ಳೋ ವಯಸ್ಸು ಕಣೋ, ನಾನು ಆ ವಯಸ್ಸಲ್ಲಿ ಕವಣೆ ಬೀಸಿದೋನು, ಅವಳು ಬಾಯಲ್ಲಿ ಹೇಳಿದ್ಲು ಅಷ್ಟೇ." ಅವನು ಮೂಗೊರೆಸಿಕೊಂಡ. "ಹೋದ ವಾರನೂ ನಿಮ್ಮಮ್ಮನ್ನ ಕೇಳಿದ್ರು, ಹುಡುಗಿ ಯಾವಾಗ ಬತ್ತದೆ ಅಂತ."

ಮಹಾದೇವಿ ಅತ್ತಳು, ಆದರೆ ಸದ್ದಿಲ್ಲದೆ, ಭುಜ ಕೂಡ ಅಲುಗದ ಹಾಗೆ. ಹಕ್ಕಿ ಕೂತಿತ್ತಲ್ಲ.

ಏರಿಯ ಮೇಲೆ ಕಾಡಪ್ಪ ಕೈಗಡಿಯಾರ ತೋರಿಸಿದ. ಒಂಬತ್ತು. ಮುನೀಂದ್ರ ಎದ್ದು, ಪಂಚೆಯ ಧೂಳು ಕೊಡವದೆ, ತಾನು ಕೂತಿದ್ದ ಜಾಗವನ್ನು ಕಾಲಲ್ಲಿ ತೋರಿಸಿದ.

"ಇಲ್ಲೇ ತೋಡು ಕಾಡಪ್ಪ. ಮುಖ ಆ ಕಡೆ ಬರೋ ಹಂಗೆ."

\* \* \*

"ಹೆಂಡ್ತಿ ಅಲ್ಲಿ, ಗಂಡ ಇಲ್ಲಿ! ಏನಂತಾರೆ ಜನ?" ನೆಂಟರೊಬ್ಬರು ರೇಗಿದರು. "ಏರಿ ಮೇಲೆ ತಮಟೆ ಬೇಡ, ಪಟಾಕಿ ಬೇಡ ಅಂದ್ರೆ? ಇಷ್ಟು ದೊಡ್ಡ ಮನೆ ಯಜಮಾನನ್ನ ಕದ್ದು ಒಯ್ದಂಗೆ ಒಯ್ಯೋದಾ?"

ಉತ್ತರ ಕೊಟ್ಟದ್ದು ಗೌರಮ್ಮ. "ಬದುಕಿದ್ದಾಗ್ಲೂ ಇವನು ಕೆರೆ ಹತ್ರ, ಅವಳು ಒಲೆ ಹತ್ರ. ಊಟಕ್ಕೆ ಬಾ ಅಂತ ಅವಳೇ ಏರಿ ತನಕ ಬಂದು ಕೂಗ್ತಿದ್ಲು. ಮೂವತ್ತು ಮಾರು ತಾನೆ, ಕೂಗ್ಲಿ ಬಿಡಿ."

ಅಳುತ್ತಿದ್ದವರೂ ನಕ್ಕರು.

ಬೀದಿಯುದ್ದಕ್ಕೂ ತಮಟೆ ಮೊಳಗಿತು, ಪಟಾಕಿ ಸಿಡಿಯಿತು, ಹೂವು ಚೆಲ್ಲಿತು. ಏರಿಯ ಬುಡದಲ್ಲಿ ಎಲ್ಲವೂ ಒಮ್ಮೆಗೇ ನಿಂತಿತು. ತಮಟೆಯವರು ತಮಟೆ ಕೆಳಗಿಟ್ಟು ಸುಮ್ಮನೆ ಹಿಂದೆ ನಡೆದರು. ಮುಂದೆ ಮುನೀಂದ್ರ, ಹೆಗಲ ಮೇಲೆ ಮಡಕೆ. ಏರಿಯಿಂದ ಚೌಳಿಗೆ ಇಳಿದವನು ಹೊಂಗೆಮರಕ್ಕೆ ನೇರ ಹೋಗಲಿಲ್ಲ. ಎಡಕ್ಕೆ ದೂರ ತಿರುಗಿ, ನೀರಿನ ಅಂಚು ಹಿಡಿದು, ದೊಡ್ಡದೊಂದು ಸುತ್ತು ಹಾಕಿದ. ಹೊತ್ತವರು ಅವನ ಹಿಂದೆ. ಅವರ ಹಿಂದೆ ಊರು.

"ಯಾಕೋ ಇಂಗೆ ಸುತ್ತಾಕ್ಕೊಂಡು? ಎದುರಿಗೇ ಐತಲ್ಲ ಮರ."

"ಅಂಗೇ ಓಗ್ಬೇಕಂತೆ. ಶಾಸ್ತ್ರ ಇರ್ಬೇಕು."

"ಹೌದು ಹೌದು. ನಮ್ಮ ತಾತನ ಕಾಲದಲ್ಲೂ ಇತ್ತು."

ಮಹಾದೇವಿ ಕೇಳಿಸಿಕೊಂಡಳು. ಏನೂ ಹೇಳಲಿಲ್ಲ.

ಮಣ್ಣು ಹಾಕಿ, ಸರದಿಯಲ್ಲಿ ಕೈಮುಗಿದು, ಜನ ಬಂದ ದಾರಿಯಲ್ಲೇ ಬಳಸಿಕೊಂಡು ಹಿಂದಿರುಗಿದರು. ಮುದುಕಿಯರು ಮಕ್ಕಳ ರಟ್ಟೆ ಹಿಡಿದು, "ಅಡ್ಡ ಓಗ್ಬೇಡ್ರೋ, ಶಾಸ್ತ್ರ" ಎಂದು ಗದರಿದರು. ಕಡೆಯವಳಾಗಿ ಏರಿ ಹತ್ತಿ ಮಹಾದೇವಿ ತಿರುಗಿ ನೋಡಿದಾಗ ಕೆಳಗೆ ಯಾರೂ ಉಳಿದಿರಲಿಲ್ಲ. ಬಿಳಿ ಚೌಳಿನ ಮೇಲೆ ನೂರಾರು ಹೆಜ್ಜೆ ಮೂಡಿ, ಒಡೆದ ಉಪ್ಪಿನ ಹಕ್ಕಳೆಯ ಕೆಳಗಿನ ಕಪ್ಪು ಮಣ್ಣು ಅಗಲವಾದ ಬಿಲ್ಲಿನಂತೆ ಬಾಗಿ ಕಾಣುತ್ತಿತ್ತು. ಬಿಲ್ಲಿನ ಒಳಗೆ ಒಂದೂ ಹೆಜ್ಜೆ ಇರಲಿಲ್ಲ. ಆ ಬೆಳ್ಳಗಿನ ಬಯಲಿನ ನಡುವೆ ಒದ್ದೆ ಹೊಟ್ಟೆಯ ಹಕ್ಕಿಯೊಂದು ಬಿರಬಿರನೆ ಓಡುತ್ತ ಬರುತ್ತಿತ್ತು.